ಹಲವು ದೇಶಗಳ ಒಂದೇ ಲಾಟರಿ: ಹಣ ಎಲ್ಲಿ ಸೇರುತ್ತದೆ, ಯಾರು ಕೊಡುತ್ತಾರೆ?

ಪ್ರಶ್ನೆ: ಯೂರೋಮಿಲಿಯನ್ಸ್, ಯೂರೋಜಾಕ್‌ಪಾಟ್ ಮುಂತಾದ ಲಾಟರಿಗಳು ಯೂರೋಪಿನ ಹಲವು ದೇಶಗಳಲ್ಲಿ ಏಕಕಾಲಕ್ಕೆ ನಡೆಯುತ್ತವೆ ಎಂದು ಓದಿದ್ದೇನೆ. ಇವುಗಳ ಮಾಲೀಕರು ಯಾರು? ಚಿಕ್ಕ ದೇಶದಲ್ಲಿ ಟಿಕೆಟ್ ಕೊಂಡವರಿಗೆ ಗೆಲ್ಲುವ ಸಾಧ್ಯತೆ ಕಡಿಮೆಯೇ? ಅಲ್ಲಿ ಯಾರಾದರೂ ಹತ್ತಿಪ್ಪತ್ತು ಕೋಟಿ ಯೂರೋ ಗೆದ್ದರೆ ಆ ದೇಶ ಅಷ್ಟು ಹಣವನ್ನು ಎಲ್ಲಿಂದ ತರುತ್ತದೆ? ನಾನು ಟಿಕೆಟ್ ಕೊಂಡೇ ಇಲ್ಲ, ಆದರೂ ಇಂಥದೊಂದು ಲಾಟರಿಯಲ್ಲಿ ನನ್ನ ಇಮೇಲ್ ವಿಳಾಸಕ್ಕೆ ಬಹುಮಾನ ಬಂದಿದೆ ಎಂಬ ಪತ್ರ ಬಂದಿದೆ. ಅದು ನಿಜವಿರಬಹುದೇ?

ಉತ್ತರ: ಕೊನೆಯ ಪ್ರಶ್ನೆ ತುರ್ತಿನದಾದ್ದರಿಂದ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ನಿಮಗೆ ಬಂದಿರುವ ಪತ್ರ ವಂಚನೆಯದು. ಅದಕ್ಕೆ ಉತ್ತರ ಬರೆಯಬೇಡಿ, ಬ್ಯಾಂಕ್ ಖಾತೆಯ ವಿವರವನ್ನಾಗಲಿ ಗುರುತಿನ ಚೀಟಿಯ ಪ್ರತಿಯನ್ನಾಗಲಿ ಕಳುಹಿಸಬೇಡಿ, 'ಸಂಸ್ಕರಣಾ ಶುಲ್ಕ' ಅಥವಾ 'ಮುಂಗಡ ತೆರಿಗೆ' ಎಂಬ ಹೆಸರಿನಲ್ಲಿ ಕೇಳುವ ಹಣವನ್ನು ಖಂಡಿತ ಕಟ್ಟಬೇಡಿ. ಯೂರೋಪಿನ ಬಹುರಾಷ್ಟ್ರೀಯ ಲಾಟರಿಗಳಲ್ಲಿ ಯಾವುದೂ ಇಮೇಲ್ ವಿಳಾಸಗಳ ನಡುವೆ ಡ್ರಾ ಎತ್ತುವುದಿಲ್ಲ. ಇಂಥ ಪತ್ರ ಯಾಕೆ ನಿಜವಾಗಲು ಸಾಧ್ಯವೇ ಇಲ್ಲ ಎಂಬುದು ಈ ಲಾಟರಿಗಳ ರಚನೆಯನ್ನು ನೋಡಿದರೆ ತಾನಾಗಿಯೇ ತಿಳಿಯುತ್ತದೆ. ಆದ್ದರಿಂದ ಉಳಿದ ಪ್ರಶ್ನೆಗಳಿಗೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಬಹುರಾಷ್ಟ್ರೀಯ ಲಾಟರಿ ಎಂದರೆ ಹಲವು ದೇಶಗಳಲ್ಲಿ ಅಂಗಡಿ ತೆರೆದಿರುವ ಒಂದು ದೊಡ್ಡ ಕಂಪನಿ ಎಂಬ ಭಾವನೆ ಸಾಮಾನ್ಯ. ವಾಸ್ತವವಾಗಿ ಅದು ಬೇರೆ ಬೇರೆ ದೇಶಗಳ ಅಧಿಕೃತ ಲಾಟರಿ ಸಂಸ್ಥೆಗಳು ತಮ್ಮತಮ್ಮಲ್ಲಿ ಮಾಡಿಕೊಂಡ ಒಂದು ಒಪ್ಪಂದ. ಫ್ರಾನ್ಸಿನಲ್ಲಿ ಯೂರೋಮಿಲಿಯನ್ಸ್ ಟಿಕೆಟ್ ಮಾರುವುದು ಫ್ರಾನ್ಸೇಜ್ ದೇ ಜ್ಯೋ ಸಂಸ್ಥೆ, ಸ್ಪೇನಿನಲ್ಲಿ ಅಲ್ಲಿನ ಸರ್ಕಾರಿ ಲಾಟರಿ ಸಂಸ್ಥೆ, ಪೋರ್ಚುಗಲ್ಲಿನಲ್ಲಿ 1498ರಲ್ಲಿ ಸ್ಥಾಪನೆಯಾದ ಸಾಂತಾ ಕಾಜಾ ಎಂಬ ಧರ್ಮಸಂಸ್ಥೆ, ಬ್ರಿಟನ್ನಿನಲ್ಲಿ ಪರವಾನಗಿ ಪಡೆದ ಖಾಸಗಿ ಕಂಪನಿ: 2024ರ ಜನವರಿಯವರೆಗೆ ಕ್ಯಾಮೆಲಾಟ್, ಆಮೇಲೆ ಆಲ್ವಿನ್. ಸ್ವಿಟ್ಜರ್ಲೆಂಡಿನಲ್ಲಿ ಪ್ರದೇಶಕ್ಕೆ ತಕ್ಕಂತೆ ಎರಡು ಸಂಸ್ಥೆಗಳಿವೆ. ಯೂರೋಜಾಕ್‌ಪಾಟ್ ಟಿಕೆಟನ್ನು ಜರ್ಮನಿಯಲ್ಲಿ ಮಾರುವುದು ಅಲ್ಲಿನ 16 ರಾಜ್ಯಗಳ ಪ್ರತ್ಯೇಕ ಲಾಟರಿ ಸಂಸ್ಥೆಗಳು. ಇವರೆಲ್ಲರೂ ಹಂಚಿಕೊಳ್ಳುವುದು ಮೂರೇ ಸಂಗತಿಗಳನ್ನು: ಸಂಖ್ಯೆಗಳನ್ನು ಆರಿಸುವ ನಿಯಮ, ಡ್ರಾ ಮತ್ತು ಬಹುಮಾನದ ನಿಧಿ. ಮಾರಾಟ, ಪರವಾನಗಿ, ಜಾಹೀರಾತು, ತೆರಿಗೆ, ಬಹುಮಾನದ ಪಾವತಿ, ದೂರುಗಳ ವಿಚಾರಣೆ, ಲಾಭದ ಬಳಕೆ ಇವೆಲ್ಲವೂ ಆಯಾ ದೇಶದ ಕಾನೂನಿನಡಿಯಲ್ಲೇ ಉಳಿಯುತ್ತವೆ.

ಹೀಗೇಕೆ? ಯೂರೋಪಿನ ಒಕ್ಕೂಟದೊಳಗೆ ಸರಕು ಮತ್ತು ಸೇವೆಗಳು ಗಡಿ ದಾಟಿ ಮುಕ್ತವಾಗಿ ಓಡಾಡುತ್ತವೆ, ಆದರೆ ಜೂಜಿನ ವಿಷಯದಲ್ಲಿ ಒಕ್ಕೂಟಕ್ಕೆಲ್ಲ ಅನ್ವಯಿಸುವ ಒಂದೇ ಕಾನೂನು ಇಲ್ಲ. ಇದಕ್ಕೆ ಬುನಾದಿಯಾಗಿರುವುದು ಯೂರೋಪಿನ ನ್ಯಾಯಾಲಯ 1994ರ ಮಾರ್ಚ್‌ನಲ್ಲಿ ಕೊಟ್ಟ ಶಿಂಡ್ಲರ್ ತೀರ್ಪು. ಜರ್ಮನಿಯ ಲಾಟರಿಯೊಂದರ ಅರ್ಜಿ ಮತ್ತು ಜಾಹೀರಾತುಗಳನ್ನು ನೆದರ್ಲೆಂಡ್ಸ್‌ನಿಂದ ಬ್ರಿಟನ್ನಿನ ಮನೆಗಳಿಗೆ ಅಂಚೆಯಲ್ಲಿ ಕಳುಹಿಸಲಾಗಿತ್ತು, ಬ್ರಿಟನ್ನಿನ ಸುಂಕ ಇಲಾಖೆ ಅವುಗಳನ್ನು ಮುಟ್ಟುಗೋಲು ಹಾಕಿಕೊಂಡಿತ್ತು. ಲಾಟರಿಯೂ ಒಂದು ಸೇವೆಯೇ ಎಂದು ನ್ಯಾಯಾಲಯ ಒಪ್ಪಿತು. ಆದರೂ ವಂಚನೆಯನ್ನು ತಡೆಯಲು ಮತ್ತು ಜೂಜಿನ ಸಾಮಾಜಿಕ ಹಾನಿಯನ್ನು ಹತೋಟಿಯಲ್ಲಿಡಲು ಒಂದು ದೇಶ ಹೊರಗಿನ ಲಾಟರಿಯನ್ನು ನಿರ್ಬಂಧಿಸಬಹುದು ಎಂದು ತೀರ್ಮಾನಿಸಿತು. ಅಲ್ಲಿಗೆ ಒಂದು ದೇಶದ ಲಾಟರಿ ಸಂಸ್ಥೆ ಇನ್ನೊಂದು ದೇಶಕ್ಕೆ ನೇರವಾಗಿ ಕಾಲಿಡುವ ದಾರಿ ಮುಚ್ಚಿದಂತಾಯಿತು. ಉಳಿದದ್ದು ಒಂದೇ ದಾರಿ. ಪ್ರತಿಯೊಬ್ಬರೂ ತಮ್ಮ ದೇಶದಲ್ಲಿ ತಾವೇ ಮಾರಬೇಕು, ಹಣವನ್ನು ಮಾತ್ರ ಲೆಕ್ಕದಲ್ಲಿ ಒಟ್ಟುಗೂಡಿಸಬೇಕು. ಒಕ್ಕೂಟದ ಸದಸ್ಯತ್ವಕ್ಕೂ ಈ ಏರ್ಪಾಟಿಗೂ ಸಂಬಂಧವಿಲ್ಲ. ಎಂದೂ ಸದಸ್ಯನಾಗಿರದ ಸ್ವಿಟ್ಜರ್ಲೆಂಡ್ ಯೂರೋಮಿಲಿಯನ್ಸ್‌ನಲ್ಲಿದೆ, ಒಕ್ಕೂಟವನ್ನು ತೊರೆದ ಬ್ರಿಟನ್ ಕೂಡ ಅದರಲ್ಲಿ ಮುಂದುವರಿದಿದೆ.

ಈ ಬಗೆಯ ಲಾಟರಿಗಳಲ್ಲಿ ಹಳೆಯದು ನಾರ್ಡಿಕ್ ದೇಶಗಳ ವೈಕಿಂಗ್ ಲೊಟ್ಟೊ. 1993ರ ಮಾರ್ಚ್‌ನಲ್ಲಿ ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ಮತ್ತು ಐಸ್‌ಲೆಂಡ್ ಸೇರಿ ಅದನ್ನು ಆರಂಭಿಸಿದವು, ಡ್ರಾ ನಾರ್ವೆಯ ಹಾಮಾರ್ ಪಟ್ಟಣದಲ್ಲಿ ನಡೆಯುತ್ತಾ ಬಂದಿದೆ. ಯೂರೋಮಿಲಿಯನ್ಸ್ 2004ರ ಫೆಬ್ರವರಿಯಲ್ಲಿ ಫ್ರಾನ್ಸ್, ಸ್ಪೇನ್, ಬ್ರಿಟನ್‌ಗಳಲ್ಲಿ ಶುರುವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಸ್ಟ್ರಿಯಾ, ಬೆಲ್ಜಿಯಂ, ಐರ್ಲೆಂಡ್, ಲಕ್ಸೆಂಬರ್ಗ್, ಪೋರ್ಚುಗಲ್ ಮತ್ತು ಸ್ವಿಟ್ಜರ್ಲೆಂಡ್ ಸೇರಿ ಒಂಬತ್ತು ದೇಶಗಳಾದವು. ಅದರ ಡ್ರಾ ಪ್ಯಾರಿಸ್‌ನಲ್ಲಿ. 2012ರ ಮಾರ್ಚ್‌ನಲ್ಲಿ ಏಳು ದೇಶಗಳೊಂದಿಗೆ ಆರಂಭವಾದ ಯೂರೋಜಾಕ್‌ಪಾಟ್‌ಗೆ 2017ರಲ್ಲಿ ಪೋಲೆಂಡ್ ಸೇರಿದಾಗ ದೇಶಗಳ ಸಂಖ್ಯೆ 18 ಆಯಿತು, ಅದರ ಡ್ರಾ ಹೆಲ್ಸಿಂಕಿಯಲ್ಲಿ. ಸ್ಪೇನ್ ಮಾತ್ರ ಈ ಎರಡೂ ಕೂಟಗಳಲ್ಲಿದೆ, ಆದರೆ ಅಲ್ಲಿಯೂ ಎರಡನ್ನು ನಡೆಸುವ ಸಂಸ್ಥೆಗಳು ಬೇರೆ ಬೇರೆ.

ಇಷ್ಟೆಲ್ಲ ಕಷ್ಟಪಟ್ಟು ಒಂದಾಗುವುದಕ್ಕೆ ಕಾರಣ ಜನಸಂಖ್ಯೆ. ಲಾಟರಿಯ ದೊಡ್ಡ ಬಹುಮಾನ ಸುದ್ದಿಯಾಗುವಷ್ಟು ಬೆಳೆಯಬೇಕಾದರೆ ಅದು ಅಪರೂಪಕ್ಕೆ ಮಾತ್ರ ಒಬ್ಬರ ಕೈಸೇರಬೇಕು, ಅಂದರೆ ಗೆಲ್ಲುವ ಸಾಧ್ಯತೆ ತೀರಾ ಕಡಿಮೆಯಿರಬೇಕು. ಆದರೆ ಗೆಲ್ಲುವವರು ವರ್ಷಗಟ್ಟಲೆ ಸಿಗದೇ ಹೋದರೆ ಜನರಿಗೆ ನಂಬಿಕೆ ಹೋಗುತ್ತದೆ. ಈ ಎರಡರ ನಡುವಿನ ಸಮತೋಲನಕ್ಕೆ ಕೋಟಿಗಟ್ಟಲೆ ಟಿಕೆಟ್‌ಗಳು ಬೇಕು. ವಾರಕ್ಕೆ ಐದು ಲಕ್ಷ ಟಿಕೆಟ್ ಮಾರುವ ಪುಟ್ಟ ದೇಶವೊಂದು ಯೂರೋಮಿಲಿಯನ್ಸ್‌ನಷ್ಟು ಕಠಿಣವಾದ ಆಟವನ್ನು ಒಂಟಿಯಾಗಿ ನಡೆಸಿದರೆ ದೊಡ್ಡ ಬಹುಮಾನ ಸರಾಸರಿ 280 ವಾರಗಳಿಗೊಮ್ಮೆ, ಅಂದರೆ ಐದು ವರ್ಷಗಳಿಗೂ ಹೆಚ್ಚು ಕಾಲಕ್ಕೊಮ್ಮೆ ಮಾತ್ರ ಬರುತ್ತದೆ. ಆಟವನ್ನು ಸುಲಭ ಮಾಡಿದರೆ ಬಹುಮಾನ ಚಿಕ್ಕದಾಗುತ್ತದೆ. ನೆರೆಯವರೊಂದಿಗೆ ಸೇರುವುದನ್ನು ಬಿಟ್ಟರೆ ಅದಕ್ಕೆ ಬೇರೆ ಉಪಾಯವಿಲ್ಲ.

ಆಟದ ಕಾಠಿಣ್ಯ ಎಷ್ಟು ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ. ಯೂರೋಮಿಲಿಯನ್ಸ್‌ನಲ್ಲಿ 50 ಸಂಖ್ಯೆಗಳಿಂದ 5ನ್ನು, ಬೇರೊಂದು ಗುಂಪಿನ 12 'ಅದೃಷ್ಟ ನಕ್ಷತ್ರ'ಗಳಿಂದ 2ನ್ನು ಆರಿಸಬೇಕು. ಮೊದಲನೆಯದನ್ನು 21,18,760 ವಿಧಗಳಲ್ಲಿ, ಎರಡನೆಯದನ್ನು 66 ವಿಧಗಳಲ್ಲಿ ಮಾಡಬಹುದು. ಇವೆರಡರ ಗುಣಲಬ್ಧ 13,98,38,160. ಒಂದು ಟಿಕೆಟ್ಟಿಗೆ ದೊಡ್ಡ ಬಹುಮಾನ ಬರುವ ಸಾಧ್ಯತೆ ಸುಮಾರು ಹದಿನಾಲ್ಕು ಕೋಟಿಯಲ್ಲಿ ಒಂದು. ಈ ಸಂಖ್ಯೆ ಟಿಕೆಟ್ ಎಲ್ಲಿ ಕೊಂಡದ್ದು ಎಂಬುದನ್ನು ಅವಲಂಬಿಸಿಲ್ಲ, ಏಕೆಂದರೆ ಚೆಂಡುಗಳು ಉರುಳುವುದು ಒಂದೇ ಕಡೆ, ಒಂದೇ ಸಲ. ಲಕ್ಸೆಂಬರ್ಗ್‌ನಲ್ಲಿ ಕೊಂಡ ಟಿಕೆಟ್ಟಿಗೂ ಫ್ರಾನ್ಸಿನಲ್ಲಿ ಕೊಂಡ ಟಿಕೆಟ್ಟಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಫ್ರಾನ್ಸಿನಲ್ಲಿ ಗೆದ್ದವರು ಹೆಚ್ಚು ಕಾಣಿಸುವುದು ಅಲ್ಲಿ ಟಿಕೆಟ್ ಕೊಳ್ಳುವವರು ಹೆಚ್ಚಿರುವುದರಿಂದ ಮಾತ್ರ.

ಈ ಹದಿನಾಲ್ಕು ಕೋಟಿ ಮೊದಲಿನಿಂದಲೂ ಇದ್ದದ್ದಲ್ಲ, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ವಿಷಯದಲ್ಲಿ ಜನರಿಗೆ ತಿಳಿಯಲೇಬೇಕಾದ ಸಂಗತಿ ಇದು. 2004ರಲ್ಲಿ ನಕ್ಷತ್ರಗಳು 9 ಮಾತ್ರ ಇದ್ದವು, ಆಗ ಸಾಧ್ಯತೆ 7,62,75,360ರಲ್ಲಿ ಒಂದು. 2011ರ ಮೇ ತಿಂಗಳಲ್ಲಿ ಶುಕ್ರವಾರದ ಜೊತೆಗೆ ಮಂಗಳವಾರವೂ ಡ್ರಾ ಆರಂಭಿಸಿ ನಕ್ಷತ್ರಗಳನ್ನು 11ಕ್ಕೆ ಏರಿಸಿದಾಗ ಅದು 11,65,31,800ರಲ್ಲಿ ಒಂದಾಯಿತು. 2016ರ ಸೆಪ್ಟೆಂಬರ್‌ನಲ್ಲಿ 12ನೆಯ ನಕ್ಷತ್ರ ಸೇರಿ ಈಗಿನ ಮಟ್ಟಕ್ಕೆ ಬಂತು. ಯೂರೋಜಾಕ್‌ಪಾಟ್ ಕೂಡ ಇದೇ ಹಾದಿ ಹಿಡಿಯಿತು: ಆರಂಭದಲ್ಲಿ 5,93,25,280ರಲ್ಲಿ ಒಂದು, 2014ರಿಂದ 9,53,44,200ರಲ್ಲಿ ಒಂದು, 2022ರ ಮಾರ್ಚ್‌ನಿಂದ ಯೂರೋಮಿಲಿಯನ್ಸ್‌ನಷ್ಟೇ. ಪ್ರತಿ ಬದಲಾವಣೆಯನ್ನೂ 'ಇನ್ನಷ್ಟು ದೊಡ್ಡ ಜಾಕ್‌ಪಾಟ್' ಎಂದು ಜಾಹೀರಾತು ಮಾಡಲಾಯಿತು. ಅದು ಸುಳ್ಳಲ್ಲ. ಆದರೆ ಜಾಕ್‌ಪಾಟ್ ದೊಡ್ಡದಾದದ್ದು ಯಾರೋ ಹೆಚ್ಚು ಹಣ ಹಾಕಿದ್ದರಿಂದಲ್ಲ, ಅದನ್ನು ಗೆಲ್ಲುವುದು ಮೊದಲಿಗಿಂತ ಕಷ್ಟವಾಗಿ ಹಣ ಹೆಚ್ಚು ಕಾಲ ಗುಡ್ಡೆಯಾಗುವುದರಿಂದ. ಒಂದು ಡ್ರಾಗೆ ಮೂರು ಕೋಟಿ ಟಿಕೆಟ್ ಮಾರಾಟವಾದರೂ ಯಾರೊಬ್ಬರಿಗೂ ದೊಡ್ಡ ಬಹುಮಾನ ಬಾರದಿರುವ ಸಾಧ್ಯತೆ ಶೇ 81ರಷ್ಟಿದೆ. 2004ರ ನಿಯಮದಲ್ಲಿ ಅಷ್ಟೇ ಟಿಕೆಟ್‌ಗಳಿಗೆ ಅದು ಶೇ 67ರಷ್ಟಿರುತ್ತಿತ್ತು.

ಯಾರಿಗೂ ಬಾರದ ಮೊತ್ತ ಮುಂದಿನ ಡ್ರಾಗೆ ಸೇರುವುದನ್ನು ರೋಲ್‌ಓವರ್ ಎನ್ನುತ್ತಾರೆ. ಮೊತ್ತ ಏರಿದಂತೆ ಟಿಕೆಟ್ ಮಾರಾಟವೂ ಏರುತ್ತದೆ, ಮಾರಾಟ ಏರಿದಂತೆ ಮೊತ್ತ ಇನ್ನೂ ವೇಗವಾಗಿ ಏರುತ್ತದೆ. ಇದಕ್ಕೊಂದು ಕೊನೆ ಇರಲೇಬೇಕೆಂದು ಸದಸ್ಯರು ಮಿತಿಯನ್ನೂ ಒಪ್ಪಿಕೊಂಡಿದ್ದಾರೆ. ಯೂರೋಮಿಲಿಯನ್ಸ್‌ನಲ್ಲಿ ಮೊದಲಿಗೆ ಮಿತಿ ಇದ್ದದ್ದು ಸತತ ರೋಲ್‌ಓವರ್‌ಗಳ ಸಂಖ್ಯೆಗೆ. 2006ರ ನವೆಂಬರ್ 17ರಂದು ಆ ಮಿತಿ ಮುಟ್ಟಿ, 18.3 ಕೋಟಿ ಯೂರೋ ಮೊತ್ತಕ್ಕೆ ಪೂರ್ಣ ಹೊಂದಾಣಿಕೆಯ ಟಿಕೆಟ್ ಒಂದೂ ಸಿಗದೆ, ಅಷ್ಟೂ ಹಣ ಎರಡನೆಯ ಹಂತಕ್ಕೆ ಇಳಿಯಿತು. ಐದು ಸಂಖ್ಯೆ ಮತ್ತು ಒಂದು ನಕ್ಷತ್ರ ಹೊಂದಿಸಿದ್ದ 20 ಟಿಕೆಟ್‌ಗಳಿಗೆ ತಲಾ ಸುಮಾರು 96 ಲಕ್ಷ ಯೂರೋ ಸಂದಿತು. ನಂತರ ಮಿತಿಯನ್ನು ಮೊತ್ತಕ್ಕೇ ಹಾಕಲಾಯಿತು: 2012ರಿಂದ 19 ಕೋಟಿ ಯೂರೋ, 2020ರ ಫೆಬ್ರವರಿಯಿಂದ 20 ಕೋಟಿ, ಆಮೇಲೆ ಮಿತಿಯ ಮೊತ್ತವನ್ನು ಯಾರಾದರೂ ಗೆದ್ದಾಗಲೆಲ್ಲ ಒಂದೊಂದು ಕೋಟಿ ಸೇರಿಸುತ್ತಾ 25 ಕೋಟಿಯವರೆಗೆ. 2025ರಲ್ಲಿ ಆಸ್ಟ್ರಿಯಾದ ಟಿಕೆಟ್ಟೊಂದು, ಕೆಲವು ತಿಂಗಳ ಬಳಿಕ ಐರ್ಲೆಂಡಿನ ಟಿಕೆಟ್ಟೊಂದು ಈ 25 ಕೋಟಿಯನ್ನು ಗೆದ್ದವು. ಯೂರೋಜಾಕ್‌ಪಾಟ್‌ನ ಮಿತಿ 12 ಕೋಟಿ, ಅದನ್ನು ಮೀರಿದ ಹಣ ಎರಡನೆಯ ಹಂತದ ಬಹುಮಾನಕ್ಕೆ ಹೋಗುತ್ತದೆ. ಯಾರಾದರೂ ಗೆದ್ದ ಮರುಡ್ರಾದಲ್ಲಿ ಮೊತ್ತ ತೀರಾ ಕುಸಿಯಬಾರದೆಂದು ಕನಿಷ್ಠ ಮೊತ್ತದ ಖಾತರಿಯೂ ಇದೆ: ಯೂರೋಮಿಲಿಯನ್ಸ್‌ಗೆ 1.7 ಕೋಟಿ, ಯೂರೋಜಾಕ್‌ಪಾಟ್‌ಗೆ 1 ಕೋಟಿ ಯೂರೋ. ಮಾರಾಟದಿಂದ ಅಷ್ಟು ಹುಟ್ಟದಿದ್ದರೆ ಕೊರತೆ ತುಂಬಲೆಂದು ಪ್ರತಿ ಡ್ರಾದ ಬಹುಮಾನ ನಿಧಿಯಿಂದ ಒಂದು ಪಾಲನ್ನು ಮೀಸಲು ನಿಧಿಗೆ ಎತ್ತಿಡುತ್ತಾರೆ. ಆ ಮೀಸಲು ಕೂಡ ಟಿಕೆಟ್ ಕೊಂಡವರ ಹಣವೇ.

ಇನ್ನು ಚಿಕ್ಕ ದೇಶ ಅಷ್ಟು ಹಣವನ್ನು ಎಲ್ಲಿಂದ ತರುತ್ತದೆ ಎಂಬ ಪ್ರಶ್ನೆ. ಡ್ರಾ ನಡೆಯುವ ಸಂಜೆ, ಚೆಂಡುಗಳು ಉರುಳುವ ಮೊದಲೇ, ಎಲ್ಲ ದೇಶಗಳಲ್ಲೂ ಮಾರಾಟ ನಿಲ್ಲುತ್ತದೆ. ಪ್ರತಿ ಸಂಸ್ಥೆಯೂ ಅಲ್ಲಿಯವರೆಗೆ ನೋಂದಾಯಿತವಾದ ಎಲ್ಲ ಟಿಕೆಟ್‌ಗಳ ದಾಖಲೆಯನ್ನು ಮುದ್ರೆ ಹಾಕಿದಂತೆ ಭದ್ರಪಡಿಸುತ್ತದೆ. ಡ್ರಾ ಆದಮೇಲೆ ಒಂದೇ ಒಂದು ಟಿಕೆಟ್ಟನ್ನೂ ಸೇರಿಸಲಾಗದಂತೆ ಮಾಡುವುದು ಇದರ ಉದ್ದೇಶ. ಸಂಖ್ಯೆಗಳು ಹೊರಬಿದ್ದ ಮೇಲೆ ಪ್ರತಿ ದೇಶದ ಗಣಕ ವ್ಯವಸ್ಥೆ ತನ್ನಲ್ಲಿ ಯಾವ ಹಂತದಲ್ಲಿ ಎಷ್ಟು ಜನ ಗೆದ್ದಿದ್ದಾರೆಂದು ಎಣಿಸುತ್ತದೆ. ಆ ಎಣಿಕೆಗಳನ್ನು ಒಟ್ಟು ಸೇರಿಸಿ, ಪ್ರತಿ ಹಂತಕ್ಕೆ ಮೀಸಲಾದ ಮೊತ್ತವನ್ನು ಗೆದ್ದವರ ಒಟ್ಟು ಸಂಖ್ಯೆಯಿಂದ ಭಾಗಿಸಿದಾಗ ಬಹುಮಾನ ಎಷ್ಟೆಂದು ಗೊತ್ತಾಗುತ್ತದೆ. ಯೂರೋಜಾಕ್‌ಪಾಟ್‌ನಲ್ಲಿ ಚೆಂಡುಗಳು ಹೆಲ್ಸಿಂಕಿಯಲ್ಲಿ ಉರುಳಿದರೂ ಈ ಲೆಕ್ಕ ಜರ್ಮನಿ ಮತ್ತು ಡೆನ್ಮಾರ್ಕ್‌ಗಳ ಎರಡು ಕೇಂದ್ರಗಳಲ್ಲಿ ನಡೆಯುತ್ತದೆ, ಎರಡೂ ಒಂದಕ್ಕೊಂದು ತಾಳೆಯಾಗಬೇಕು.

ಒಂದು ಕಲ್ಪಿತ ಉದಾಹರಣೆಯನ್ನು ಅಂಕಿಗಳೊಂದಿಗೆ ನೋಡೋಣ. ಮೂರು ದೇಶಗಳು, ಟಿಕೆಟ್ ಬೆಲೆ 2 ಯೂರೋ, ಅದರಲ್ಲಿ 1 ಯೂರೋ ಬಹುಮಾನ ನಿಧಿಗೆ. ಈ ಡ್ರಾಗೆ ಮೊದಲ ದೇಶ 2 ಕೋಟಿ, ಎರಡನೆಯದು 80 ಲಕ್ಷ, ಮೂರನೆಯದು 20 ಲಕ್ಷ ಟಿಕೆಟ್ ಮಾರಿವೆ. ಒಟ್ಟು ನಿಧಿ 3 ಕೋಟಿ ಯೂರೋ, ಅದರಲ್ಲಿ ಅರ್ಧ ದೊಡ್ಡ ಬಹುಮಾನಕ್ಕೆ, ಉಳಿದರ್ಧ ಕೆಳ ಹಂತಗಳಿಗೆ ಎಂದಿಟ್ಟುಕೊಳ್ಳಿ. ಹಿಂದಿನ ಡ್ರಾಗಳಿಂದ 9 ಕೋಟಿ ಉಳಿದುಬಂದಿದೆ, ಹಿಂದೆಯೂ ಮಾರಾಟ ಇದೇ ಪ್ರಮಾಣದಲ್ಲಿತ್ತು. ಹಾಗಾದರೆ ಈ ಬಾರಿಯ ದೊಡ್ಡ ಬಹುಮಾನ ಹತ್ತೂವರೆ ಕೋಟಿ, ಅದು ಮೂರನೆಯ ದೇಶದ ಒಂದೇ ಟಿಕೆಟ್ಟಿಗೆ ಬಂತು. ಈ ಮೊತ್ತದಲ್ಲಿ ಆ ದೇಶದ ಸ್ವಂತ ಪಾಲು, ಹಿಂದಿನದು 60 ಲಕ್ಷ, ಈ ಬಾರಿಯದು 10 ಲಕ್ಷ, ಒಟ್ಟು 70 ಲಕ್ಷ. ಉಳಿದ 9 ಕೋಟಿ 80 ಲಕ್ಷದಲ್ಲಿ 7 ಕೋಟಿ ಮೊದಲ ದೇಶದಿಂದ, 2 ಕೋಟಿ 80 ಲಕ್ಷ ಎರಡನೆಯದರಿಂದ ಬರುತ್ತದೆ. ಅತ್ತ ಕೆಳ ಹಂತಗಳಿಗೆಂದು ಮೂರನೆಯ ದೇಶ 10 ಲಕ್ಷ ಹಾಕಿದೆ, ಅಲ್ಲಿ ಗೆದ್ದವರ ಪಾಲಿಗೆ ಬಂದದ್ದು 9 ಲಕ್ಷ ಎನ್ನಿ. ಆ ವ್ಯತ್ಯಾಸದ 1 ಲಕ್ಷವನ್ನು ಅದು ಇತರರಿಗೆ ಕೊಡಬೇಕು. ಕೊಡುವುದು ತೆಗೆದುಕೊಳ್ಳುವುದನ್ನೆಲ್ಲ ಕಳೆದು ನೋಡಿದರೆ 9 ಕೋಟಿ 79 ಲಕ್ಷ ಯೂರೋ ಆ ದೇಶದ ಲಾಟರಿ ಸಂಸ್ಥೆಗೆ ಹೊರಗಿನಿಂದ ಬಂದು ಸೇರುತ್ತದೆ, ಅದು ತನ್ನ ಗ್ರಾಹಕರಿಗೆ ಬಹುಮಾನ ಕೊಡುತ್ತದೆ. ಗೆದ್ದವರಿಗೆ ಹೊರದೇಶದೊಂದಿಗೆ ವ್ಯವಹಾರವೇ ಇಲ್ಲ, ಅವರು ಹೋಗಬೇಕಾದದ್ದು ಟಿಕೆಟ್ ಕೊಂಡ ದೇಶದ ಸಂಸ್ಥೆಗೆ ಮಾತ್ರ.

ಇದು ಮೊದಲ ದೇಶಕ್ಕೆ ಆದ ಅನ್ಯಾಯವಲ್ಲ. ಮೂರನೆಯ ದೇಶದ ಪಾಲು ಹದಿನೈದರಲ್ಲಿ ಒಂದು, ಅದಕ್ಕೆ ದೊಡ್ಡ ಬಹುಮಾನ ಬರುವುದೂ ದೀರ್ಘಕಾಲದಲ್ಲಿ ಸರಾಸರಿ ಹದಿನೈದು ಸಲಕ್ಕೊಮ್ಮೆ. ಉಳಿದ ಹದಿನಾಲ್ಕು ಸಲ ಅದರ ಹಣ ಹೊರಗೆ ಹರಿಯುತ್ತದೆ. ಕೆಲವು ವರ್ಷಗಳ ಮಟ್ಟಿಗೆ ಅದೃಷ್ಟ ಒಂದೇ ಕಡೆ ವಾಲಬಹುದು, ಅದಕ್ಕೆ ನಿಯಮದಲ್ಲಿ ಪರಿಹಾರವಿಲ್ಲ, ಇರಬೇಕಾಗಿಯೂ ಇಲ್ಲ.

ಈ ಒಪ್ಪಂದ ಮುರಿಯದೆ ನಿಂತಿರುವುದಕ್ಕೆ ಆಧಾರ ಬಹುಮಾನ ಹಂಚುವ ವಿಧಾನ. ಇಲ್ಲಿ ಯಾವ ಹಂತಕ್ಕೂ 'ಇಷ್ಟೇ ಹಣ' ಎಂಬ ನಿಗದಿಯಿಲ್ಲ, ಇಷ್ಟು ಪಾಲು ಎಂದಷ್ಟೇ ಇದೆ. ಗೆದ್ದವರು ಹೆಚ್ಚಾದರೆ ಪ್ರತಿಯೊಬ್ಬರಿಗೂ ಕಡಿಮೆ ಸಿಗುತ್ತದೆ, ಆದರೆ ನಿಧಿಯಲ್ಲಿ ಇರುವುದಕ್ಕಿಂತ ಒಂದು ಸೆಂಟ್ ಕೂಡ ಹೆಚ್ಚು ಕೊಡಬೇಕಾದ ಪ್ರಸಂಗ ಬರುವುದಿಲ್ಲ. ನಿಗದಿತ ಬಹುಮಾನವಿದ್ದರೆ ಏನಾಗಬಹುದು ಎಂಬುದಕ್ಕೆ ಅಮೆರಿಕದ ಹಲವು ರಾಜ್ಯಗಳ ಜಂಟಿ ಲಾಟರಿಯಾದ ಪವರ್‌ಬಾಲ್‌ನ 2005ರ ಮಾರ್ಚ್ 30ರ ಡ್ರಾ ಸಾಕ್ಷಿ. ನಿರೀಕ್ಷೆ ನಾಲ್ಕೈದು ಜನರದ್ದಾಗಿದ್ದ ಎರಡನೆಯ ಬಹುಮಾನಕ್ಕೆ ಅಂದು 110 ಜನ ಬಂದರು. ಮೋಸ ನಡೆದಿದೆಯೇ ಎಂದು ಅಧಿಕಾರಿಗಳು ವಿಚಾರಿಸಿದಾಗ, ಅವರಲ್ಲಿ ಹೆಚ್ಚಿನವರು ಚೀನೀ ಹೋಟೆಲುಗಳಲ್ಲಿ ಕೊಡುವ ಬಿಸ್ಕತ್ತಿನೊಳಗಿನ ಭವಿಷ್ಯದ ಚೀಟಿಯಲ್ಲಿ ಅಚ್ಚಾಗಿದ್ದ ಒಂದೇ ಸಂಖ್ಯೆಗಳನ್ನು ಆಡಿದ್ದರೆಂದು ತಿಳಿಯಿತು. ಬಹುಮಾನ ನಿಗದಿಯಾಗಿದ್ದರಿಂದ ಲಾಟರಿಯೇ ಸುಮಾರು 1.9 ಕೋಟಿ ಡಾಲರ್ ಹೆಚ್ಚುವರಿ ಹೊರೆ ಹೊತ್ತಿತು. ಪಾಲು ಹಂಚುವ ವಿಧಾನದಲ್ಲಿ ಆ ಹೊರೆ ಗೆದ್ದವರ ಮೇಲೆಯೇ ಬೀಳುತ್ತದೆ. 2020ರ ಡಿಸೆಂಬರ್ 1ರಂದು ದಕ್ಷಿಣ ಆಫ್ರಿಕಾದ ಲಾಟರಿಯಲ್ಲಿ 5, 6, 7, 8, 9 ಮತ್ತು ವಿಶೇಷ ಸಂಖ್ಯೆ 10 ಬಂದಾಗ, ಆ ಸಾಲನ್ನೇ ಆರಿಸಿದ್ದ 20 ಟಿಕೆಟ್‌ಗಳು ದೊಡ್ಡ ಬಹುಮಾನವನ್ನು ಹಂಚಿಕೊಳ್ಳಬೇಕಾಯಿತು. ಹೀಗಾಗಿ ಹುಟ್ಟಿದ ದಿನಾಂಕಗಳನ್ನೂ ಸಾಲು ಸಂಖ್ಯೆಗಳನ್ನೂ ಆರಿಸುವವರಿಗೆ ನಾನು ಹೇಳುವುದಿಷ್ಟೇ: ಗೆಲ್ಲುವ ಸಾಧ್ಯತೆ ಅದರಿಂದ ಕಡಿಮೆಯಾಗುವುದಿಲ್ಲ, ಗೆದ್ದರೆ ಪಾಲುದಾರರು ಹೆಚ್ಚುವ ಸಂಭವ ಮಾತ್ರ ಇದೆ.

ಟಿಕೆಟ್ ಬೆಲೆಯ ಎಷ್ಟು ಭಾಗ ಆಟಗಾರರಿಗೆ ಮರಳುತ್ತದೆ? ಯೂರೋಮಿಲಿಯನ್ಸ್‌ನಲ್ಲಿಯೂ ಯೂರೋಜಾಕ್‌ಪಾಟ್‌ನಲ್ಲಿಯೂ ಅರ್ಧ. ಫ್ರಾನ್ಸಿನ ಟಿಕೆಟ್ ಬೆಲೆ 2.50 ಯೂರೋ, ಅದರಲ್ಲಿ 30 ಸೆಂಟ್ ಅಲ್ಲಿಯವರಿಗಷ್ಟೇ ಮೀಸಲಾದ 'ಮೈ ಮಿಲಿಯನ್' ಎಂಬ ಜೊತೆ ಆಟಕ್ಕೆ ಹೋಗುತ್ತದೆ, 2.20 ಯೂರೋ ಮಾತ್ರ ಯೂರೋಮಿಲಿಯನ್ಸ್‌ನ ಪಣ. ಸ್ಪೇನ್, ಪೋರ್ಚುಗಲ್, ಬ್ರಿಟನ್‌ಗಳಲ್ಲೂ ಇಂಥ ದೇಶೀಯ ಜೊತೆ ಆಟಗಳಿವೆ. ತಮ್ಮ ದೇಶದಲ್ಲಿ ಯಾರೂ ಗೆಲ್ಲುತ್ತಿಲ್ಲ ಎಂಬ ಬೇಸರ ಜನರಲ್ಲಿ ಮೂಡದಂತೆ ತಡೆಯಲು ಅವು ನೆರವಾಗುತ್ತವೆ. ಬಹುಮಾನ ಬಿಟ್ಟು ಉಳಿದ ಅರ್ಧ ಎಲ್ಲಿಗೆ ಹೋಗುತ್ತದೆ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನಲ್ಲಿ ಮಾರಾಟದ ಮೇಲೆ ಶೇ 12 ಲಾಟರಿ ಸುಂಕವಿದೆ, ಬಳಿಕ ಕಲೆ, ಕ್ರೀಡೆ, ಪರಂಪರೆ ಮುಂತಾದ ಸಾರ್ವಜನಿಕ ಉದ್ದೇಶಗಳ ನಿಧಿ, ಅಂಗಡಿಯವರ ಕಮಿಷನ್, ನಿರ್ವಹಣೆಯ ವೆಚ್ಚ. ಸ್ಪೇನಿನಲ್ಲಿ ಲಾಭ ಸರ್ಕಾರದ ಬೊಕ್ಕಸಕ್ಕೆ, ಪೋರ್ಚುಗಲ್ಲಿನಲ್ಲಿ ಬಹುಪಾಲು ಸಮಾಜಸೇವೆಗೆ.

ಗೆದ್ದವರ ಕೈಗೆ ಬರುವ ಮೊತ್ತವೂ ಎಲ್ಲೆಡೆ ಒಂದೇ ಅಲ್ಲ. ಬ್ರಿಟನ್, ಫ್ರಾನ್ಸ್, ಐರ್ಲೆಂಡ್, ಬೆಲ್ಜಿಯಂ, ಆಸ್ಟ್ರಿಯಾಗಳಲ್ಲಿ ಇಂಥ ಬಹುಮಾನದ ಮೇಲೆ ತೆರಿಗೆಯಿಲ್ಲ. ಸ್ಪೇನಿನಲ್ಲಿ 40,000 ಯೂರೋ ಮೀರಿದ ಭಾಗಕ್ಕೆ ಶೇ 20, ಪೋರ್ಚುಗಲ್ಲಿನಲ್ಲಿ 5,000 ಯೂರೋ ಮೀರಿದ ಭಾಗಕ್ಕೆ ಶೇ 20 ಕಡಿತವಾಗುತ್ತದೆ. ಹಣ ಕೊಡುವಾಗಲೇ ಅದನ್ನು ಹಿಡಿದುಕೊಳ್ಳುತ್ತಾರೆ, ಗೆದ್ದವರು ಮೊದಲು ತಮ್ಮ ಜೇಬಿನಿಂದ ಕಟ್ಟುವ ಪದ್ಧತಿಯಿಲ್ಲ. ನಿಮಗೆ ಬಂದ ಪತ್ರದಂಥವುಗಳಲ್ಲಿ ಕೇಳುವ 'ಮುಂಗಡ ತೆರಿಗೆ' ಸುಳ್ಳೆಂದು ಇದರಿಂದಲೇ ಗೊತ್ತಾಗುತ್ತದೆ. ಯೂರೋ ಬಳಸದ ದೇಶಗಳಲ್ಲಿ ವಿನಿಮಯ ದರ ನಡುವೆ ಬರುತ್ತದೆ: 2019ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಟಿಕೆಟ್ಟೊಂದು ಗೆದ್ದ 19 ಕೋಟಿ ಯೂರೋ ಅಲ್ಲಿ ಸುಮಾರು 17 ಕೋಟಿ ಪೌಂಡ್ ಆಯಿತು.

ಬಹುಮಾನ ಕೇಳುವ ಗಡುವೂ ಆಯಾ ದೇಶದ್ದೇ: ಫ್ರಾನ್ಸಿನಲ್ಲಿ 60 ದಿನ, ಐರ್ಲೆಂಡಿನಲ್ಲಿ 90 ದಿನ, ಬ್ರಿಟನ್ನಿನಲ್ಲಿ 180 ದಿನ, ಆಸ್ಟ್ರಿಯಾದಲ್ಲಿ ಮೂರು ವರ್ಷ. ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. 2012ರ ಜೂನ್ 8ರ ಯೂರೋಮಿಲಿಯನ್ಸ್ ಡ್ರಾದಲ್ಲಿ ಇಂಗ್ಲೆಂಡಿನ ಸ್ಟೀವನೇಜ್ ಮತ್ತು ಹಿಚಿನ್ ಪ್ರದೇಶದಲ್ಲಿ ಮಾರಾಟವಾಗಿದ್ದ ಟಿಕೆಟ್ಟೊಂದಕ್ಕೆ 6.38 ಕೋಟಿ ಪೌಂಡ್ ಬಂದಿತ್ತು. ಗಡುವಿನೊಳಗೆ ಯಾರೂ ಬರಲಿಲ್ಲ, ಅಷ್ಟೂ ಹಣ ಬ್ರಿಟನ್ನಿನ ಸಾರ್ವಜನಿಕ ಉದ್ದೇಶಗಳ ನಿಧಿಗೆ ಹೋಯಿತು.

ನೀವು ಕೇಳದಿದ್ದರೂ ಹೇಳಬೇಕಾದ ಇನ್ನೊಂದು ಮಾತಿದೆ. ಈ ಲಾಟರಿಗಳ ಹೆಸರು ಹಾಕಿಕೊಂಡ ಎಷ್ಟೋ ಅಂತರ್ಜಾಲ ತಾಣಗಳು ನಿಜವಾಗಿ ಟಿಕೆಟ್ ಮಾರುವುದಿಲ್ಲ, ಡ್ರಾದ ಫಲಿತಾಂಶದ ಮೇಲೆ ಬಾಜಿ ಕಟ್ಟಿಸಿಕೊಳ್ಳುತ್ತವೆ. ಅಲ್ಲಿ ಹಾಕಿದ ಹಣ ಬಹುಮಾನ ನಿಧಿಗೆ ಸೇರುವುದಿಲ್ಲ, ಗೆದ್ದರೆ ಕೊಡಬೇಕಾದದ್ದು ಲಾಟರಿ ಸಂಸ್ಥೆಯಲ್ಲ, ಆ ತಾಣದ ಮಾಲೀಕರು ಅಥವಾ ಅವರ ವಿಮೆ. ಮೇಲೆ ಹೇಳಿದ ದೇಶಗಳ ನಡುವಿನ ಲೆಕ್ಕ, ಮುದ್ರೆ ಹಾಕಿದ ದಾಖಲೆ, ಮೀಸಲು ನಿಧಿ ಇವುಗಳಲ್ಲಿ ಯಾವುದೂ ಅದರ ಬೆನ್ನಿಗಿಲ್ಲ. ಅಧಿಕೃತ ಟಿಕೆಟ್ ಯಾವುದು, ಬಾಜಿ ಯಾವುದು ಎಂದು ಜನ ಗೊಂದಲಕ್ಕೊಳಗಾಗುತ್ತಾರೆ ಎಂಬ ಕಾರಣಕ್ಕೆ ಬ್ರಿಟನ್ 2018ರ ಏಪ್ರಿಲ್‌ನಿಂದ ಯೂರೋಮಿಲಿಯನ್ಸ್ ಡ್ರಾಗಳ ಮೇಲೆ ಬಾಜಿ ಕಟ್ಟಿಸಿಕೊಳ್ಳುವುದನ್ನು ನಿಷೇಧಿಸಿತು. ಹೆಸರಿನಿಂದ ಇವೆರಡನ್ನು ಬೇರೆ ಮಾಡಲಾಗದು. ಟಿಕೆಟ್ ಕೊಡುತ್ತಿರುವ ಸಂಸ್ಥೆ ಆ ದೇಶದಲ್ಲಿ ಆ ಲಾಟರಿಯನ್ನು ನಡೆಸುವ ಪರವಾನಗಿ ಪಡೆದ ಸಂಸ್ಥೆಯೇ ಎಂಬುದನ್ನು ಅಲ್ಲಿನ ನಿಯಂತ್ರಣ ಪ್ರಾಧಿಕಾರದ ಪಟ್ಟಿಯಲ್ಲಿ ನೋಡಿಯೇ ಖಚಿತಪಡಿಸಿಕೊಳ್ಳಬೇಕು.